ಕೃಷಿ ಸಂಶೋಧಕರಿಗೆ ಸಂದ ಗೌರವ

ವಿಶ್ವವಿದ್ಯಾಲಯದ ವಿಜ್ಞಾನಿಯ ಕೆಲಸ ಹೊಲಕ್ಕಿಳಿದು ಜನರ ಬದುಕಿಗೆ ಆಸರೆಯಾದಾಗ ಸಲ್ಲುವ ಮನ್ನಣೆ. ಕರ್ನಾಟಕದಲ್ಲಿ ಪದ್ಮ ಪ್ರಶಸ್ತಿ, ರಾಜ್ಯೋತ್ಸವ ಪ್ರಶಸ್ತಿ, ಗೌರವ ಡಾಕ್ಟರೇಟ್‌ಗಳು ಇದರ ಅಧಿಕೃತ ರೂಪಗಳು. ರೈತರೇ ಇಟ್ಟ ಬಿರುದುಗಳೂ ಉಂಟು. ಬಾಳಿಕೆಯಲ್ಲಿ ಅವೇ ಮೇಲು.

ಬಾಗಲಕೋಟೆ, ಬಾದಾಮಿ, ಹುನಗುಂದದ ಎರೆ ಹೊಲಗಳು ಜೋಳದ ಜೊತೆ ಹತ್ತಿಗೂ ಹೆಸರಾದವು. ಹತ್ತಿಯಲ್ಲಿ ದೊಡ್ಡ ತಿರುವು ಬಂದದ್ದು 1972ರಲ್ಲಿ. ಧಾರವಾಡದ ಸಂಶೋಧಕ ಡಾ. ಬಿ.ಎಚ್. ಕಟರಕಿ ಅವರು ಲಕ್ಷ್ಮಿ ತಳಿಗೆ ರಷ್ಯಾ ಮೂಲದ ಎಸ್‌ಬಿ-289ಇ ತಳಿಯನ್ನು ಕೂಡಿಸಿ ಪಡೆದ ‘ವರಲಕ್ಷ್ಮಿ’ ಆಗ ಬಿಡುಗಡೆಯಾಯಿತು. ಎರಡು ಬೇರೆ ಹತ್ತಿ ಪ್ರಭೇದಗಳ ಸಂಕರದಿಂದ ಬಂದ ಈ ಹೈಬ್ರಿಡ್‌ನ ಎಳೆ ಉದ್ದ, ನಯ. ಆದರೆ ಬೀಜವನ್ನು ಪ್ರತಿ ಸಲವೂ ಹೊಸದಾಗಿ ಹುಟ್ಟಿಸಬೇಕು. ನಾಳೆ ಅರಳುವ ಮೊಗ್ಗನ್ನು ಇಂದು ಮಧ್ಯಾಹ್ನದ ಮೇಲೆ ಗುರುತಿಸಿ, ಹೆಬ್ಬೆರಳ ಉಗುರಿನಿಂದ ಎಸಳು, ಕೇಸರಗಳನ್ನು ಸುತ್ತ ಬಿಡಿಸಿ, ಕೆಂಪು ಕಾಗದದ ಟೋಪಿ ತೊಡಿಸುತ್ತಾರೆ. ಮರುದಿನ ಬೆಳಿಗ್ಗೆ ಟೋಪಿ ತೆಗೆದು ಗಂಡು ತಳಿಯ ಹೂವನ್ನು ಶಲಾಕಾಗ್ರಕ್ಕೆ ಸವರುತ್ತಾರೆ. ‘ಕ್ರಾಸಿಂಗ್’ ಎನ್ನುವ ಈ ನಾಜೂಕಿನ ಕೆಲಸ ಉತ್ತರ ಕರ್ನಾಟಕದ ಸಾವಿರಾರು ಹೆಣ್ಣುಮಕ್ಕಳಿಗೆ ಕೂಲಿ ಒದಗಿಸಿತು. ವರಲಕ್ಷ್ಮಿಯ ಹೆಸರು ಊರೂರಿಗೆ ಮುಟ್ಟಿತು; ಕಟರಕಿಯವರ ಹೆಸರು ಅಷ್ಟು ದೂರ ಹೋಗಲಿಲ್ಲ.

ಹಳೆ ಮೈಸೂರು ಸೀಮೆಯಲ್ಲಿ ಆದದ್ದೇ ಬೇರೆ. ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟ ಸಿ.ಎಚ್. ಲಕ್ಷ್ಮಣಯ್ಯ ಅವರನ್ನು (1921–1993) ಜನ ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. ಬೆಳೆಯ ಹೆಸರೇ ವಿಜ್ಞಾನಿಯ ಬಿರುದಾದ ಇಂಥ ನಿದರ್ಶನ ಅಪರೂಪ.

ಅಧಿಕೃತ ಗೌರವದ ಮುಖ್ಯ ಉದಾಹರಣೆ ಎಂ. ಮಹದೇವಪ್ಪ (1937–2021). ಅಧಿಕ ಇಳುವರಿಯ ಭತ್ತದ ತಳಿಗಳನ್ನು ರೂಪಿಸಿದ ಅವರು ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ‘ಕಾಂಗ್ರೆಸ್ ಕಸ’ ಎಂದು ರೈತರು ಶಪಿಸುವ ಪಾರ್ಥೇನಿಯಂ ಅನ್ನು ಕೇಸಿಯಾ ಜಾತಿಯ ಗಿಡ ಬೆಳೆಸಿ ಹತ್ತಿಕ್ಕುವ ವಿಧಾನವನ್ನೂ ಪ್ರಚುರಪಡಿಸಿದರು. 2005ರಲ್ಲಿ ಪದ್ಮಶ್ರೀ, 2013ರಲ್ಲಿ ಪದ್ಮಭೂಷಣ ಸಂದವು.

ಬಾಗಲಕೋಟೆಯಲ್ಲೇ 2008ರಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ದುಂಡಾಣು ಅಂಗಮಾರಿ ರೋಗದಿಂದ ದಾಳಿಂಬೆ ಬೆಳೆಗಾರರು ಕಂಗೆಟ್ಟಿದ್ದ ಕಾಲವದು. ಇಂಥ ರೋಗದ ಮೇಲಿನ ಸಂಶೋಧನೆ ಹಲವರು ಸೇರಿ ವರ್ಷಗಟ್ಟಲೆ ಮಾಡುವಂಥದ್ದು. ಒಬ್ಬರ ಕೊರಳಿಗೆ ಹಾಕುವ ಪದಕ ಅದನ್ನು ಪೂರ್ತಿ ಅಳೆಯಲಾರದು. ಪ್ರಮಾಣಿತ ಬೀಜದ ಚೀಲಕ್ಕೆ ಹೊಲಿಯುವ ನೀಲಿ ಚೀಟಿಯಲ್ಲಿ ತಳಿಯ ಹೆಸರು, ಲಾಟ್ ಸಂಖ್ಯೆ, ಪರೀಕ್ಷೆಯ ದಿನಾಂಕ ಇರುತ್ತವೆ. ತಳಿ ರೂಪಿಸಿದವರ ಹೆಸರಿಗೆ ಅಲ್ಲಿ ಅಂಕಣವಿಲ್ಲ.