ಕಣ್ಣಿನ ವಿದ್ಯೆ: ಮೈಕ್ ಸಿಂಗಲ್‌ಟರಿಯವರ ಆಟ ಮತ್ತು ಪಾಠ

ಮೈಕ್ ಸಿಂಗಲ್‌ಟರಿಯವರ ಹೆಸರಿನಲ್ಲಿ ಎರಡು ಲೆಕ್ಕಗಳಿವೆ. ಶಿಕಾಗೊ ಬೇರ್ಸ್ ತಂಡದ ಮಿಡಲ್ ಲೈನ್‌ಬ್ಯಾಕರ್ ಆಗಿ 1981ರಿಂದ 1992ರವರೆಗೆ 179 ಪಂದ್ಯ, 10 ಬಾರಿ ಪ್ರೊ ಬೌಲ್ ತಾರಾ ಪಂದ್ಯಕ್ಕೆ ಆಯ್ಕೆ, 1985 ಮತ್ತು 1988ರಲ್ಲಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರನ ಪ್ರಶಸ್ತಿ. ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡದ ಮುಖ್ಯ ತರಬೇತುದಾರರಾಗಿ 18 ಗೆಲುವು, 22 ಸೋಲು, ಎರಡು ವರ್ಷ ಎರಡು ತಿಂಗಳಿಗೆ ವಜಾ. ದೊಡ್ಡ ಆಟಗಾರ ಒಳ್ಳೆಯ ಗುರುವಾಗಲಾರ ಎನ್ನುವವರಿಗೆ ಇದು ಕೈಗೆಟಕುವ ಉದಾಹರಣೆ. ಆದರೆ ಆ ತೀರ್ಮಾನ ಅವಸರದ್ದು. ಸಿಂಗಲ್‌ಟರಿ ಕಲಿಸಿದರು, ಚೆನ್ನಾಗಿಯೇ ಕಲಿಸಿದರು. ಅವರಿಗೆ ಯಾವ ವಿದ್ಯೆ ಗೊತ್ತಿತ್ತು, ಅದನ್ನು ಎಷ್ಟು ಜನರಿಗೆ, ಎಷ್ಟು ಹತ್ತಿರದಿಂದ ದಾಟಿಸಬಹುದಿತ್ತು ಎಂದು ಕೇಳಿಕೊಂಡರೆ ಮಾತ್ರ ಆ ಕಲಿಕೆ ನಮಗೆ ಕಾಣುತ್ತದೆ.

ಅಮೆರಿಕನ್ ಫುಟ್‌ಬಾಲಿನಲ್ಲಿ ಒಂದು ಸರದಿ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಅದಕ್ಕೆ ಮುಂಚೆ ಎರಡೂ ಕಡೆಯವರು ಸಾಲುಗಟ್ಟಿ ನಿಂತು ಒಬ್ಬರನ್ನೊಬ್ಬರು ಓದುತ್ತಿರುತ್ತಾರೆ. ಚೆಂಡು ಸೆಂಟರ್ ಆಟಗಾರನ ಕಾಲುಗಳ ನಡುವಿನಿಂದ ಹಿಂದಕ್ಕೆ ಬರುವ ಗಳಿಗೆಗೆ ಸ್ನ್ಯಾಪ್ ಎಂದು ಹೆಸರು. ಮಿಡಲ್ ಲೈನ್‌ಬ್ಯಾಕರ್ ನಿಲ್ಲುವುದು ರಕ್ಷಣಾ ಪಡೆಯ ನಟ್ಟನಡುವೆ, ಮುಂಚೂಣಿಯ ದಢೂತಿಗಳಿಂದ ನಾಲ್ಕೈದು ಗಜ ಹಿಂದೆ. ಎದುರಿನ ಗಾರ್ಡ್ ನೆಲಕ್ಕೆ ಊರಿದ ಬೆರಳ ಗೆಣ್ಣು ಬಿಳಚಿಕೊಂಡಿದೆಯೇ? ಮೈಭಾರ ಮುಂದಕ್ಕಿದೆ, ಅವನು ನುಗ್ಗುತ್ತಾನೆ, ಬರುವುದು ಚೆಂಡು ಹಿಡಿದು ಓಡುವ ಆಟ. ಹಿಮ್ಮಡಿಯ ಮೇಲೆ ಕುಳಿತಂತಿದ್ದಾನೆಯೇ? ಹಿಂದೆ ಸರಿದು ಎಸೆತಗಾರನಿಗೆ ಕಾವಲು ನಿಲ್ಲುತ್ತಾನೆ. ಇಂಥ ಸುಳಿವುಗಳನ್ನು ಒಟ್ಟುಗೂಡಿಸಿ, ಕೂಗಿ ಹೇಳಿ, ಉಳಿದ ಹತ್ತು ಜನರನ್ನು ಸರಿಯಾದ ಜಾಗಕ್ಕೆ ನಿಲ್ಲಿಸುವ ಹೊಣೆ ಅವನದು. ಆ ಕಾಲದ ಚಿತ್ರಗಳಲ್ಲಿ ಸಿಂಗಲ್‌ಟರಿ ಮೊಣಕಾಲು ಬಾಗಿಸಿ ನಿಂತಿರುತ್ತಾರೆ. ಹೆಲ್ಮೆಟ್ಟಿನ ಸರಳುಗಳ ಹಿಂದೆ ಅಗಲವಾಗಿ ತೆರೆದ, ರೆಪ್ಪೆ ಬಡಿಯದ ಎರಡು ಕಣ್ಣುಗಳು. ನೋಡುಗರು ಅದನ್ನು ರೋಷ ಎಂದುಕೊಂಡರು. ನನಗೆ ಕಾಣುವುದು ಓದು.

ಈ ಓದು ಹುಟ್ಟಿನಿಂದ ಬಂದದ್ದಲ್ಲ. 1958ರಲ್ಲಿ ಹ್ಯೂಸ್ಟನ್ನಿನಲ್ಲಿ ಹತ್ತು ಮಕ್ಕಳಲ್ಲಿ ಕೊನೆಯವರಾಗಿ ಹುಟ್ಟಿದ ಸಿಂಗಲ್‌ಟರಿ ಬೇಲರ್ ವಿಶ್ವವಿದ್ಯಾಲಯದಲ್ಲಿ ಹೆಲ್ಮೆಟ್ ಒಡೆಯುವಷ್ಟು ಜೋರಾಗಿ ಢಿಕ್ಕಿ ಹೊಡೆಯುವವನೆಂದು ಹೆಸರಾದರು. ಆರಡಿ ಎತ್ತರ ಆ ಸ್ಥಾನಕ್ಕೆ ಕಡಿಮೆಯೆಂದು ಎಣಿಸಿದ್ದರಿಂದ 1981ರ ಹೊಸ ಆಟಗಾರರ ಆಯ್ಕೆಯಲ್ಲಿ ಎರಡನೆಯ ಸುತ್ತಿನವರೆಗೆ, 38ನೆಯ ಕರೆಯವರೆಗೆ ಕಾಯಬೇಕಾಯಿತು. ಬೇರ್ಸ್‌ನ ರಕ್ಷಣಾ ಪಡೆ ಆಗ ಬಡಿ ರಯಾನ್ ಕೈಯಲ್ಲಿತ್ತು. ಕೊರಿಯಾ ಯುದ್ಧ ಕಂಡು ಬಂದಿದ್ದ ರಯಾನ್ ಹೊಸಬರನ್ನು ಹೆಸರು ಹಿಡಿದು ಕರೆಯದೆ ಜೆರ್ಸಿಯ ಸಂಖ್ಯೆಯಿಂದ ಕರೆಯುತ್ತಿದ್ದವರು. ಎದುರಾಳಿ ಚೆಂಡು ಎಸೆಯಬಹುದಾದ ಸರದಿ ಬಂದರೆ ಅವರು ಈ ಹುಡುಗನನ್ನು ಹೊರಗೆ ಕೂರಿಸುತ್ತಿದ್ದರು. ಅದಕ್ಕೆ ಸಿಂಗಲ್‌ಟರಿ ಕಂಡುಕೊಂಡ ಮದ್ದು ಪಂದ್ಯಗಳ ಫಿಲ್ಮ್. ನೋಡಿದ್ದನ್ನೇ ಮತ್ತೆ ಮತ್ತೆ ನೋಡಿ, ಎದುರಾಳಿಯ ಅಭ್ಯಾಸಗಳನ್ನು ಮೈಗೂಡಿಸಿಕೊಂಡು, ಮೈದಾನ ಬಿಟ್ಟು ಕದಲಬೇಕಾಗಿಲ್ಲದ ಆಟಗಾರರಾದರು.

1985ರಲ್ಲಿ ಆ ದುಡಿಮೆ ಫಲ ಕೊಟ್ಟಿತು. ರಯಾನ್ ಕಟ್ಟಿದ ‘46’ ವ್ಯೂಹಕ್ಕೆ ಆ ಹೆಸರು ಬಂದದ್ದು ಡಗ್ ಪ್ಲ್ಯಾಂಕ್ ಎಂಬ ಹಿಂದಿನ ಆಟಗಾರನ ಜೆರ್ಸಿಯಿಂದ. ಆಟಗಾರರ ಸಂಖ್ಯೆಗೂ ಅದಕ್ಕೂ ಸಂಬಂಧವಿಲ್ಲ. ಎಂಟು ಮಂದಿಯನ್ನು ಮುಂದಕ್ಕೊತ್ತಿ ಹಿಂದಿನ ಬಯಲನ್ನು ಬಹುಪಾಲು ತೆರೆದಿಡುವ ಈ ಏರ್ಪಾಡಿನಲ್ಲಿ ನಡುವಿನವನ ಒಂದು ತಪ್ಪು ಓದಿಗೆ ಆರು ಅಂಕ ತೆರಬೇಕಾಗುತ್ತದೆ. ಆ ಋತುವಿನ 16 ಪಂದ್ಯಗಳಲ್ಲಿ 15 ಗೆದ್ದ ತಂಡ ಬಿಟ್ಟುಕೊಟ್ಟದ್ದು 198 ಅಂಕ. ನಾಕೌಟ್ ಹಂತದಲ್ಲಿ ಜೈಂಟ್ಸ್ ವಿರುದ್ಧ 21–0, ರ್‍ಯಾಮ್ಸ್ ವಿರುದ್ಧ 24–0. 1986ರ ಜನವರಿ 26ರಂದು ನ್ಯೂ ಆರ್ಲಿಯನ್ಸಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಪೇಟ್ರಿಯಟ್ಸ್ ವಿರುದ್ಧ 46–10. ಅಂದು ಇಡೀ ಪಂದ್ಯದಲ್ಲಿ ಎದುರಾಳಿ ಓಡಿ ಗಳಿಸಿದ್ದು ಒಟ್ಟು 7 ಗಜ. ಕೈಜಾರಿದ ಚೆಂಡನ್ನು ಸಿಂಗಲ್‌ಟರಿ ಎರಡು ಬಾರಿ ವಶಪಡಿಸಿಕೊಂಡರು.

ತರಬೇತಿಗೆ ಅವರು ಇಳಿದದ್ದು 2003ರಲ್ಲಿ, ಬಾಲ್ಟಿಮೋರ್ ರೇವನ್ಸ್ ತಂಡದ ಲೈನ್‌ಬ್ಯಾಕರ್‌ಗಳ ಗುರುವಾಗಿ. ಅಲ್ಲಿದ್ದ ರೇ ಲೂಯಿಸ್ ಆಗಲೇ ದೊಡ್ಡ ಹೆಸರು. ಅದೇ ವರ್ಷ ಎರಡನೆಯ ಬಾರಿಗೆ ಶ್ರೇಷ್ಠ ರಕ್ಷಣಾ ಆಟಗಾರರಾದರು. ಇದರ ಪೂರ್ತಿ ಯಶಸ್ಸನ್ನು ಗುರುವಿಗೆ ಕಟ್ಟುವುದು ಸಲ್ಲದು. ಪ್ಯಾಟ್ರಿಕ್ ವಿಲ್ಲಿಸ್ ವಿಷಯ ಬೇರೆ. 2007ರಲ್ಲಿ ಫಾರ್ಟಿನೈನರ್ಸ್‌ಗೆ ಬಂದ ಈ ಎಳೆಯ ಹುಡುಗ, ಆ ಹೊತ್ತಿಗೆ ಅಲ್ಲಿ ಲೈನ್‌ಬ್ಯಾಕರ್‌ಗಳ ಗುರುವಾಗಿದ್ದ ಸಿಂಗಲ್‌ಟರಿಯವರ ಗರಡಿಯಲ್ಲಿ ಮೊದಲ ವರ್ಷವೇ ಶ್ರೇಷ್ಠ ಹೊಸ ರಕ್ಷಣಾ ಆಟಗಾರನ ಪ್ರಶಸ್ತಿ ಪಡೆದ. ಗರಡಿ ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ನಾಲ್ಕಾರು ಮಂದಿ, ಒಂದೇ ಸ್ಥಾನ, ಒಂದೇ ಪರದೆ; ಗುರು ನೋಡಿದ್ದನ್ನು ಶಿಷ್ಯ ಪಕ್ಕದಲ್ಲೇ ಕುಳಿತು ನೋಡುತ್ತಾನೆ. ಬಾಯಲ್ಲಿ ಹೇಳಲು ಬಾರದ್ದನ್ನು ಬೆರಳಿಟ್ಟು ತೋರಿಸಬಹುದಾದಷ್ಟು ಹತ್ತಿರ.

2008ರ ಅಕ್ಟೋಬರ್ 20ರಂದು ಮುಖ್ಯ ತರಬೇತುದಾರ ಮೈಕ್ ನೋಲನ್ ಅವರನ್ನು ತೆಗೆದು ಸಿಂಗಲ್‌ಟರಿಯವರಿಗೆ ಇಡೀ ತಂಡವನ್ನು ಒಪ್ಪಿಸಿದರು. ಆರು ದಿನ ಕಳೆದು ಸಿಯಾಟಲ್ ವಿರುದ್ಧದ ಮೊದಲ ಪಂದ್ಯ. ಟೈಟ್ ಎಂಡ್ ವರ್ನನ್ ಡೇವಿಸ್ ಎದುರಾಳಿಯ ಮುಖದತ್ತ ಕೈಮಾಡಿ 15 ಗಜದ ದಂಡ ತಂದ. ಪಂದ್ಯ ಇನ್ನೂ ನಡೆಯುತ್ತಿರುವಾಗಲೇ ಗುರು ಅವನನ್ನು ಕೋಣೆಗೆ ಅಟ್ಟಿದರು. 34–13ರಿಂದ ಸೋತ ಮೇಲೆ ಪತ್ರಕರ್ತರ ಮುಂದೆ, ಇಂಥವರನ್ನು ಇಟ್ಟುಕೊಂಡು ಗೆಲ್ಲಲಾಗದು, ಹತ್ತೇ ಜನರೊಂದಿಗೆ ಆಡುವುದೇ ಮೇಲು ಎಂದು ಗುಡುಗಿದರು. ಡೇವಿಸ್ ಬದಲಾದದ್ದು ನಿಜ. 2009ರಲ್ಲಿ 13 ಟಚ್‌ಡೌನ್ ಗಳಿಸಿದ, ಆ ಗದರಿಕೆಯನ್ನು ಮುಂದೆ ಕೃತಜ್ಞತೆಯಿಂದ ನೆನೆದ. ಆದರೂ ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು. ವಿಲ್ಲಿಸ್‌ಗೆ ಸಿಕ್ಕಿದ್ದು ಕಣ್ಣು, ಡೇವಿಸ್‌ಗೆ ಸಿಕ್ಕಿದ್ದು ಶಿಸ್ತು. ಐವತ್ತಕ್ಕೂ ಹೆಚ್ಚು ಜನರ ತಂಡಕ್ಕೆ ಮಾತಿನಲ್ಲಿ ದಾಟಿಸಬಹುದಾದದ್ದು ಶಿಸ್ತು ಮಾತ್ರ. ಎದುರು ಸಾಲಿನ ಆಟವನ್ನು ಮುರಿಯುವುದು ಹೇಗೆಂದು ಬಲ್ಲ ಮನುಷ್ಯನಿಗೆ ತನ್ನ ಕಡೆಯ ಆಕ್ರಮಣವನ್ನು ಕಟ್ಟುವ ಬಗೆ ಒಲಿಯಲಿಲ್ಲ. 2010ರ ಋತು ಸತತ 5 ಸೋಲುಗಳಿಂದ ಶುರುವಾಯಿತು. ಮೂರನೆಯ ಸೋಲಿಗೇ ಆಕ್ರಮಣದ ಸಂಯೋಜಕನನ್ನು ಬದಲಾಯಿಸಬೇಕಾಯಿತು. ಬಹುಮಟ್ಟಿಗೆ ಅದೇ ಆಟಗಾರರನ್ನು, ಅದೇ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್‌ನನ್ನು ಇಟ್ಟುಕೊಂಡು, ಅವರ ಜಾಗಕ್ಕೆ ಬಂದ ಜಿಮ್ ಹಾರ್ಬಾ 2011ರಲ್ಲಿ 13–3 ಸಾಧಿಸಿದರು.

ಸಿಂಗಲ್‌ಟರಿ ಒಂದು ಮೆಟ್ಟಿಲನ್ನು ದಾಟಿ ನೆಗೆದಿದ್ದರು. ಅವರು ಎಂದೂ ರಕ್ಷಣಾ ಸಂಯೋಜಕರಾಗಿರಲಿಲ್ಲ. ತನ್ನ ಕಣ್ಣು ಬಲ್ಲದ್ದನ್ನು ಬೇರೆ ಹನ್ನೊಂದು ಜನರ ಕಾಲು ಕೈಗಳಿಗೆ ಅರ್ಥವಾಗುವ ಭಾಷೆಗೆ ತರುವ ಅಭ್ಯಾಸ ಆಗುವುದು ಆ ಹುದ್ದೆಯಲ್ಲಿ. ಹೋಲಿಕೆಗೆ ಡಿಮೆಕೊ ರಯಾನ್ಸ್ ಅವರನ್ನು ನೋಡಬಹುದು. ಅವರೂ ಲೈನ್‌ಬ್ಯಾಕರ್, ಅದೇ ಫಾರ್ಟಿನೈನರ್ಸ್‌ನಲ್ಲಿ 2017ರಲ್ಲಿ ತೀರಾ ಕೆಳಗಿನ ಸಹಾಯಕ ಹುದ್ದೆಯಿಂದ ಆರಂಭಿಸಿ, ಲೈನ್‌ಬ್ಯಾಕರ್‌ಗಳ ಗುರುವಾಗಿ, 2021 ಮತ್ತು 2022ರಲ್ಲಿ ರಕ್ಷಣಾ ಸಂಯೋಜಕರಾಗಿ ಮಾಗಿದ ಮೇಲೆ 2023ರಲ್ಲಿ ಹ್ಯೂಸ್ಟನ್ ಟೆಕ್ಸನ್ಸ್‌ನ ಮುಖ್ಯ ತರಬೇತುದಾರರಾದರು. ಮೊದಲ ವರ್ಷವೇ 10–7. ಒಂದೆರಡು ಉದಾಹರಣೆಗಳಿಂದ ನಿಯಮ ಕಟ್ಟಲಾಗದು. ಆದರೆ ಸಿಂಗಲ್‌ಟರಿಯವರ ಸೋಲನ್ನು ಅವರ ಸ್ವಭಾವದ ಮೇಲೆ ಹೊರಿಸುವವರು ಈ ತಪ್ಪಿಹೋದ ಮೆಟ್ಟಿಲನ್ನೂ ಎಣಿಸಬೇಕು.

ಮುಂದೆ ಅವರು ಮಿನೆಸೋಟಾದಲ್ಲಿ ಮತ್ತೆ ಲೈನ್‌ಬ್ಯಾಕರ್‌ಗಳ ಗುರುವಾದರು. 2019ರಲ್ಲಿ ಋತುವಿನ ನಡುವೆಯೇ ಮುಚ್ಚಿಹೋದ ಹೊಸ ಲೀಗೊಂದರಲ್ಲಿ ಮೆಂಫಿಸ್ ತಂಡವನ್ನು ನಡೆಸಿದರು. 18 ಗೆಲುವು, 22 ಸೋಲಿನ ಆ ಲೆಕ್ಕಕ್ಕೆ ಈ ವರ್ಷಗಳು ಏನನ್ನೂ ಸೇರಿಸಲಿಲ್ಲ. ಓಹಾಯೊದ ಕ್ಯಾಂಟನ್ನಿನ ಹಾಲ್ ಆಫ್ ಫೇಮ್‌ನಲ್ಲಿ ಸಾಧಕರ ಕಂಚಿನ ಮುಖಗಳನ್ನು ಸಾಲಾಗಿ ಇಟ್ಟಿದ್ದಾರೆ. 1998ರಲ್ಲಿ ಅಲ್ಲಿಗೆ ಸಿಂಗಲ್‌ಟರಿ ಸೇರಿದರು, 2018ರಲ್ಲಿ ರೇ ಲೂಯಿಸ್, 2024ರಲ್ಲಿ ಪ್ಯಾಟ್ರಿಕ್ ವಿಲ್ಲಿಸ್.