ಬೈಗುಳಕ್ಕೊಂದು ವಿಳಾಸ

(ಬಾನುಲಿ ಭಾಷಣ)

ನನ್ನ ಬಾಲ್ಯ ಕಳೆದದ್ದು ಹೆಗ್ಗಡದೇವನಕೋಟೆಯ ಸೀಮೆಯ ಎನ್. ಬೇಗೂರಿನಲ್ಲಿ. ಹೊಲ ಮುಗಿದಲ್ಲಿ ಕಾಡು. ರಾತ್ರಿ ಆನೆ ಇಳಿದರೆ ತಮಟೆ ಬಡಿಯುವುದು, ಬೆಳಗಾದ ಮೇಲೆ ಉಳಿದ ರಾಗಿಯ ಲೆಕ್ಕ ನೋಡುವುದು, ಇದು ನಮ್ಮ ಹಿರಿಯರ ಬದುಕಾಗಿತ್ತು. ಇಂಥ ಊರಿನಲ್ಲಿ ಕ್ರಿಕೆಟ್ಟಿಗೇನು ಕೆಲಸ ಎಂದು ತಾವು ಕೇಳಬಹುದು. ಬಸ್ಸು ನಿಲ್ಲುವ ಕಡೆ ಒಂದು ಚಿಲ್ಲರೆ ಅಂಗಡಿಯಿತ್ತು. ಅದರ ಯಜಮಾನರಿಗೆ ಕ್ರಿಕೆಟ್ಟಿನ ಹುಚ್ಚು. ಅವರು ಜೀವಮಾನದಲ್ಲಿ ಒಂದು ಪಂದ್ಯವನ್ನೂ ಕಣ್ಣಾರೆ ಕಂಡವರಲ್ಲ. ಮಧ್ಯಾಹ್ನದ ಬಸ್ಸಿನಲ್ಲಿ ಪತ್ರಿಕೆ ಬರುತ್ತಿತ್ತು. ಸಣ್ಣ ಅಕ್ಷರ ಅವರಿಗೆ ಕಾಣುತ್ತಿರಲಿಲ್ಲವಾದ್ದರಿಂದ ಓದುವ ಕೆಲಸ ನನ್ನದು.

"ಏನ್ಲಾ, ನಮ್ಮೋರು ಏನ್ ಮಾಡವ್ರೆ?"

ಸೋತಿದ್ದಾರೆ ಎಂದು ಓದಿದೆನೆಂದರೆ ಬೈಗುಳ ಆರಂಭ. ಮೊದಲು ನಾಯಕನಿಗೆ, ಆಮೇಲೆ ಕ್ಯಾಚು ಬಿಟ್ಟವನಿಗೆ, ಆಮೇಲೆ ತಂಡವನ್ನು ಆರಿಸಿದವರಿಗೆ. "ಇವ್ರ ಕೈಗೆ ಬ್ಯಾಟ್ ಯಾಕ್ಲಾ, ಕುಂಟೆ ಕೊಟ್ ಕಳ್ಸು ಹೊಲಕ್ಕೆ" ಎನ್ನುವರು. ಅಷ್ಟಾದ ಮೇಲೆ ಅದೇ ಹಾಳೆಯನ್ನು ಹರಿದು ಗಿರಾಕಿಗೆ ಬೆಲ್ಲ ಕಟ್ಟಿಕೊಡುವರು. ಸೋಲು ನಮ್ಮೂರಿಗೆ ಒಂದು ದಿನ ತಡವಾಗಿ ಬರುತ್ತಿತ್ತು. ಆದರೆ ತಣ್ಣಗಾಗಿ ಬರುತ್ತಿರಲಿಲ್ಲ.

ಯಜಮಾನರ ಸಿಟ್ಟಿಗೆ ಚರಿತ್ರೆಯ ಆಧಾರವೇನೋ ಬೇಕಾದಷ್ಟಿತ್ತು. ರಣಜಿ ಟ್ರೋಫಿಯ ಮೊತ್ತಮೊದಲ ಪಂದ್ಯವನ್ನು ಆಡಿದ ಎರಡು ತಂಡಗಳಲ್ಲಿ ನಮ್ಮ ಮೈಸೂರೂ ಒಂದು ಎಂಬುದು ಹೆಮ್ಮೆಯ ಸಂಗತಿಯೇ. ಆದರೆ ಆ ಪಂದ್ಯದ ವಿವರವನ್ನು ಹೇಳಿಕೊಳ್ಳುವಂತಿಲ್ಲ. 1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್ ಮೈದಾನದಲ್ಲಿ ಮೈಸೂರು 48 ರನ್ನಿಗೆ ಮುಗಿಯಿತು. ಮದರಾಸು ಗಳಿಸಿದ್ದು ಕೇವಲ 130. ಎರಡನೆಯ ಸಲ ನಮ್ಮವರು 59. ಎ. ಜಿ. ರಾಮಸಿಂಗ್ ಒಬ್ಬರೇ 11 ವಿಕೆಟ್ ಪಡೆದರು. ಹಲವು ದಿನ ನಡೆಯಬೇಕಾದ ಆಟ ಒಂದೇ ಹಗಲಿನಲ್ಲಿ ತೀರಿಹೋಯಿತು. 1941–42ರಲ್ಲಿ ಅಂತಿಮ ಪಂದ್ಯದವರೆಗೆ ಏರಿ ಬೊಂಬಾಯಿಗೆ ಸೋತೆವು; 1959–60ರಲ್ಲಿ ಮತ್ತೆ ಏರಿ ಮತ್ತೆ ಅದೇ ಬೊಂಬಾಯಿಗೆ ಸೋತೆವು. 1958–59ರಿಂದ 1972–73ರವರೆಗೆ ಹದಿನೈದು ವರ್ಷ ಆ ಟ್ರೋಫಿ ಬೊಂಬಾಯಿಯ ಮನೆ ಬಿಟ್ಟು ಕದಲಲಿಲ್ಲ.

ಈ ನಲವತ್ತು ವರ್ಷಗಳ ಸೋಲಿನ ಕತೆಯಲ್ಲಿ ಒಂದು ಹೆಸರು ಎಲ್ಲಿಯೂ ಕೇಳಿಬರುವುದಿಲ್ಲ. ಅದು ತರಬೇತುದಾರನ ಹೆಸರು. ಕ್ರಿಕೆಟ್ಟಿನಲ್ಲಿ ಆಗ ಎಲ್ಲ ಹೊರೆಯೂ ನಾಯಕನದೇ. ಸೋತರೆ ನಮ್ಮ ಹುಡುಗನೇ ಸೋತ. ಬೈಯಬೇಕಾದರೆ ನಮ್ಮ ಹುಡುಗನನ್ನೇ ಬೈಯಬೇಕು. ಯಜಮಾನರ ಬೈಗುಳದಲ್ಲಿ ಸಿಟ್ಟಿಗಿಂತ ಸಂಕಟ ಹೆಚ್ಚಾಗಿದ್ದದ್ದು ಈ ಕಾರಣದಿಂದಲೇ ಇರಬೇಕೆಂದು ಈಗ ನನಗೆ ಅನ್ನಿಸುತ್ತದೆ.

1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಅದೇ ಋತುವಿನಲ್ಲಿ, ಹೊಸ ಹೆಸರು ಹೊತ್ತ ತಂಡ ಬೆಂಗಳೂರಿನಲ್ಲಿ ಸೆಮಿಫೈನಲ್ಲಿಗೆ ಬೊಂಬಾಯಿಯನ್ನು ಎದುರಿಸಿತು. ನಾಯಕ ಎರಪಳ್ಳಿ ಪ್ರಸನ್ನ. ನಮ್ಮ ಮೈಸೂರಿನ ಎನ್.ಐ.ಇ.ಯಲ್ಲಿ ಎಂಜಿನಿಯರಿಂಗ್ ಓದಿದವರು. ಭದ್ರಾವತಿಯ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ಒಟ್ಟು 385. ಉತ್ತರವಾಗಿ ಬೊಂಬಾಯಿ ಆಡಿತು. ಗಾವಸ್ಕರ್ ಅವರನ್ನು ಪ್ರಸನ್ನ ಬೌಲ್ಡ್ ಮಾಡಿದರು. ಚೆನ್ನಾಗಿ ಆಡುತ್ತಿದ್ದ ಅಜಿತ್ ವಾಡೇಕರ್ ಓಡುವಾಗ ಕಾಲು ಜಾರಿ ರನ್‌ಔಟ್ ಆದರು. ಬೊಂಬಾಯಿ 307ಕ್ಕೆ ನಿಂತಿತು. ಮೊದಲ ಇನ್ನಿಂಗ್ಸಿನ ಮುನ್ನಡೆ ನಮ್ಮದು. ಆ ಹಾಳೆಯನ್ನು ನಾನು ಮೂರು ಸಲ ಓದಬೇಕಾಯಿತು. ಜಯಪುರದ ಅಂತಿಮ ಪಂದ್ಯದಲ್ಲಿ ರಾಜಸ್ಥಾನವನ್ನು 185 ರನ್ನುಗಳಿಂದ ಸೋಲಿಸಿದ್ದು ಆಮೇಲಿನ ಮಾತು. ನಮ್ಮೂರಿನ ಮಟ್ಟಿಗೆ ಟ್ರೋಫಿ ಬೊಂಬಾಯಿ ಸೋತ ದಿನವೇ ಬಂದಿತ್ತು. ಯಜಮಾನರು ಆ ಪತ್ರಿಕೆಯಲ್ಲಿ ಬೆಲ್ಲ ಕಟ್ಟಲಿಲ್ಲ. ಗಲ್ಲಾಪೆಟ್ಟಿಗೆಯ ಅಡಿಯಲ್ಲಿ ಮಡಿಸಿ ಇಟ್ಟರು.

ಮರುವರ್ಷವೇ ಅಂತಿಮ ಪಂದ್ಯದಲ್ಲಿ ಬೊಂಬಾಯಿ ನಮ್ಮನ್ನು ಸೋಲಿಸಿತು. "ನಂಗೊತ್ತಿತ್ತು ಕಣ್ಲಾ" ಎಂದು ಯಜಮಾನರು ಹಳೆಯ ಉತ್ಸಾಹದಿಂದಲೇ ಬೈಗುಳಕ್ಕೆ ಮರಳಿದರು. 1977–78, 1982–83ರ ಗೆಲುವುಗಳನ್ನು ಅವರು ಕಂಡರು. ಮುಂದಿನದನ್ನು ಕಾಣಲಿಲ್ಲ, ಅದು ಬರುವುದಕ್ಕೆ 1995–96 ಆಗಬೇಕಾಯಿತು.

ಈ ನಡುವೆ ಆಟದೊಳಕ್ಕೆ ಹೊಸ ಮನುಷ್ಯನೊಬ್ಬ ಬಂದಿದ್ದ. ಆಸ್ಟ್ರೇಲಿಯಾದವರು ಅಂಡಾಕಾರದ ಚೆಂಡಿನಲ್ಲಿ ತಮ್ಮದೇ ಒಂದು ಫುಟ್‌ಬಾಲ್ ಆಡುತ್ತಾರೆ. ಅಲ್ಲಿ ಕೋಚ್ ಎಂಬಾತ ಬಹಳ ಹಿಂದಿನಿಂದಲೂ ಅಭಿಮಾನಿಗಳ ಸಿಟ್ಟಿನ ಮೊದಲ ಗುರಿ. ಮೆಲ್ಬರ್ನಿನ ಸೇಂಟ್ ಕಿಲ್ಡಾ ಎಂಬ ತಂಡ 1966ರಲ್ಲಿ ಒಂದೇ ಒಂದು ಅಂಕದ ಅಂತರದಿಂದ ಪ್ರಶಸ್ತಿ ಗೆದ್ದಿತು. ಅನಂತರ ಅರ್ಧ ಶತಮಾನಕ್ಕೂ ಮೀರಿ ಅದಕ್ಕೆ ಇನ್ನೊಂದು ದೊರೆಯಲಿಲ್ಲ. ಕೋಚ್‌ಗಳು ಬಂದರು, ಹೋದರು. ಅಭಿಮಾನಿಗಳು ಮಾತ್ರ ಹೋಗಲಿಲ್ಲ. ನಮ್ಮ ಕ್ರಿಕೆಟ್ಟಿಗೆ ಈ ಪದ್ಧತಿ ತಡವಾಗಿ ಬಂತು. ಭಾರತ ತಂಡಕ್ಕೆ ಮೊದಲ ವಿದೇಶೀ ಕೋಚ್ ಆಗಿ ನ್ಯೂಜಿಲೆಂಡಿನ ಜಾನ್ ರೈಟ್ ಬಂದದ್ದು 2000ದಲ್ಲಿ. ಅವರ ಬಳಿಕ 2005ರಲ್ಲಿ ಆಸ್ಟ್ರೇಲಿಯಾದ ಗ್ರೆಗ್ ಚಾಪೆಲ್. 2007ರ ವಿಶ್ವಕಪ್ಪಿನಲ್ಲಿ ಬಾಂಗ್ಲಾದೇಶಕ್ಕೂ ಶ್ರೀಲಂಕೆಗೂ ಸೋತು ಭಾರತ ಮೊದಲ ಸುತ್ತಿನಲ್ಲೇ ಹೊರಬಿದ್ದಾಗ ನಾಯಕರಾಗಿದ್ದವರು ನಮ್ಮ ರಾಹುಲ್ ದ್ರಾವಿಡ್. ಆ ದಿನಗಳಲ್ಲಿ ಮೈಸೂರಿನ ಕಾಫಿ ಹೋಟೆಲುಗಳಲ್ಲಿ ಕುಳಿತು ಜನರ ಮಾತಿಗೆ ಕಿವಿಗೊಟ್ಟಿದ್ದೇನೆ. ದ್ರಾವಿಡ್ ಬಗ್ಗೆ ಒಂದು ಮಾತಾಡಿದರೆ ಚಾಪೆಲ್ ಬಗ್ಗೆ ಹತ್ತು. ನನ್ನ ಬಾಯಲ್ಲೂ ಅದೇ ಲೆಕ್ಕ. ಮನೆಯ ಮಗನನ್ನು ಬೈಯಲಾರದ ಸಿಟ್ಟಿಗೆ ಹೊರಗಿನವನೊಬ್ಬ ಬೇಕಾಗುತ್ತಾನೆ. ಬೈಗುಳಕ್ಕೊಂದು ವಿಳಾಸ ದೊರೆತಿತ್ತು.

ಇಲ್ಲಿ ನನ್ನ ವೃತ್ತಿಯ ಬಗ್ಗೆ ಒಂದು ಮಾತು ಹೇಳಬೇಕು. ನಾನು ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರಾಗಿದ್ದವನು. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ದಿನ ಮೇಷ್ಟ್ರ ಮನೆಯ ಬಾಗಿಲಿಗೆ ಎಂಥ ಮಾತುಗಳು ಬರುತ್ತವೆಂಬುದು ಆ ಕೆಲಸ ಮಾಡಿದವರಿಗೇ ಗೊತ್ತು. ಪಾಸಾದರೆ ಮಗ ಬುದ್ಧಿವಂತ. ಫೇಲಾದರೆ ಮೇಷ್ಟ್ರು ಸರಿಯಿಲ್ಲ. ಹೀಗಿದ್ದೂ ಕೋಚ್‌ನನ್ನು ಬೈಯುವಾಗ ನನಗೆ ಇದು ನೆನಪಾಗಲಿಲ್ಲವೆಂಬುದು ನಾಚಿಕೆಯ ಸಂಗತಿ.

ಅದನ್ನು ನೆನಪಿಸಿದ್ದು 2010ರ ಜನವರಿ. ಕರ್ನಾಟಕ 1998–99ರ ಅನಂತರ ರಣಜಿ ಗೆದ್ದಿರಲಿಲ್ಲ. ಈ ಸಲದ ಅಂತಿಮ ಪಂದ್ಯ ಮೈಸೂರಿನಲ್ಲೇ, ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ. ಎದುರಾಳಿ ಮತ್ತೆ ಮುಂಬಯಿ. ಜನ ಎಲ್ಲೆಲ್ಲಿಂದಲೋ ಬಂದರು. ಜಾಗ ಸಿಕ್ಕದವರು ಮರ ಹತ್ತಿದರು. ಮುಂಬಯಿ 233ಕ್ಕೆ ಮುಗಿದಾಗ ಸಂಭ್ರಮ. ನಮ್ಮವರು 130ಕ್ಕೆ ಮುಗಿದಾಗ ಮೌನ. ಮುಂಬಯಿ ಎರಡನೆಯ ಸಲ 234. ನಮಗೆ 338 ಬೇಕು. ಮೂರು ವಿಕೆಟ್ ಬೇಗನೆ ಬಿದ್ದ ಮೇಲೆ ಮನೀಶ್ ಪಾಂಡೆ ಮತ್ತು ಗಣೇಶ್ ಸತೀಶ್ ಜೊತೆಗೂಡಿ 209 ರನ್ ಸೇರಿಸಿದರು. ಪಾಂಡೆ 144. ಗೆಲುವು ಅಂಗೈಯಲ್ಲಿತ್ತು. ಆಮೇಲೆ ಒಂದೊಂದಾಗಿ ವಿಕೆಟ್ ಬಿದ್ದುವು. ಬಾಲದವರು ಒಂದೊಂದೇ ರನ್ ಕೂಡಿಸಿದರು. ಪ್ರತಿ ರನ್ನಿಗೂ ಮೈದಾನವೆಲ್ಲ ಕೂಗಿತು. 331ರಲ್ಲಿ ಕೊನೆಯ ವಿಕೆಟ್ ಹೋಯಿತು. ಸೋಲು 6 ರನ್ನಿನದು.

ಅಂದು ಜನವರಿ 14, ಸಂಕ್ರಾಂತಿ. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಬೇಕಾದ ದಿನ. ಮೈದಾನದಿಂದ ಹೊರಬರುತ್ತಿದ್ದವರ ಬಾಯಲ್ಲಿ ಒಂದಾದರೂ ಒಳ್ಳೆಯ ಮಾತು ಕೇಳಿಸಲಿಲ್ಲ. ನಾನೂ ಹಿಂದೆ ಬೀಳಲಿಲ್ಲ. ಹಬ್ಬಕ್ಕೆಂದು ಊರಿಗೆ ಹೊರಟ ಬಸ್ಸಿನಲ್ಲಿ ನಿಂತುಕೊಂಡೇ ಕೋಚ್‌ಗೆ ಪಾಠ ಹೇಳಿದೆ: ಯಾರನ್ನು ಯಾವಾಗ ಕಳುಹಿಸಬೇಕಿತ್ತು, ಬಾಲದವರಿಗೆ ಏನು ಕಲಿಸಬೇಕಿತ್ತು, ಎಲ್ಲ. ಪಕ್ಕದಲ್ಲಿ ಕುಳಿತಿದ್ದ ನಮ್ಮೂರ ಕಡೆಯ ರೈತರೊಬ್ಬರು ಬಹಳ ಹೊತ್ತು ಕೇಳಿಸಿಕೊಂಡು, ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ಬುಡಿ ಮೇಷ್ಟ್ರೇ. ನಮ್ ಹೈದ ಫೇಲಾದಾಗ ನಾನೂ ನಿಮ್ಗೆ ಹಿಂಗೇ ಅಂದಿದ್ದೆ."

ಕೋಟೆ ಬರುವವರೆಗೆ ನಾನು ಮತ್ತೆ ಬಾಯಿ ತೆರೆಯಲಿಲ್ಲ.

ನಾಲ್ಕು ವರ್ಷ ಕಳೆದು, 2013–14ರಲ್ಲಿ ಕರ್ನಾಟಕ ಗೆದ್ದಿತು, ಮರುವರ್ಷವೂ ಗೆದ್ದಿತು. ಆಗ ಕೋಚ್ ಆಗಿದ್ದ ಜೆ. ಅರುಣ್ ಕುಮಾರ್ ತೊಂಬತ್ತರ ದಶಕದ ಗೆಲುವುಗಳಲ್ಲಿ ತಾವೇ ಆಡಿದ್ದವರು. ಬಸ್ಸಿನಲ್ಲಿ ಯಾರಾದರೂ ಅವರ ಹೆಸರೆತ್ತಿ ಹೊಗಳಿದ್ದನ್ನು ನಾನು ಕೇಳಲಿಲ್ಲ.

ಅಷ್ಟರಲ್ಲಿ ಊರಿನ ಹುಡುಗರ ಮನಸ್ಸು ಬೇರೆಡೆ ತಿರುಗಿತ್ತು. 2008ರಲ್ಲಿ ಹುಟ್ಟಿದ ರಾಯಲ್ ಚಾಲೆಂಜರ್ಸ್ ತಂಡ ಮೊದಲ ವರ್ಷ ಎಂಟರಲ್ಲಿ ಏಳನೆಯದಾಯಿತು. 2009, 2011, 2016ರಲ್ಲಿ ಅಂತಿಮ ಪಂದ್ಯಕ್ಕೆ ಬಂದು ಸೋತಿತು; 2017ರಲ್ಲಿ ಕಲ್ಕತ್ತೆಯಲ್ಲಿ 49 ರನ್ನಿಗೆ ಮುಗಿಯಿತು. ವೆಂಕಟೇಶ್ ಪ್ರಸಾದ್, ಜೆನ್ನಿಂಗ್ಸ್, ವೆಟ್ಟೋರಿ, ಕರ್ಸ್ಟನ್, ಕ್ಯಾಟಿಚ್, ಹೆಸನ್, ಬಂಗಾರ್, ಫ್ಲವರ್ ಎಂದು ಕೋಚ್‌ಗಳ ವಂಶಾವಳಿಯೇ ಬೆಳೆಯಿತು. ನಮ್ಮ ಗಂಗರ ವಂಶಾವಳಿಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಲು ನಾನು ಪಟ್ಟ ಪಾಡನ್ನು ನೆನೆದರೆ, ಇದನ್ನು ಅವರು ಒಪ್ಪಿಸುವ ಸೊಗಸು ಹೊಟ್ಟೆಕಿಚ್ಚು ತರಿಸುವಂಥದು. ‘ಈ ಸಲ ಕಪ್ ನಮ್ದೆ’ ಎಂಬ ಮಾತು ಮೊದಲು ಆಸೆಯಾಗಿ, ಆಮೇಲೆ ತಮ್ಮನ್ನು ತಾವೇ ಹಾಸ್ಯಮಾಡಿಕೊಳ್ಳುವ ಮಾತಾಗಿ ಬೇಗೂರಿನವರೆಗೂ ಬಂತು. ಅಂಗಡಿ ಯಜಮಾನರ ಮೊಮ್ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ. ಪ್ರತಿ ವರ್ಷ ಬೇಸಗೆಯಲ್ಲಿ ಅವನಿಂದ ನನಗೆ ಫೋನು ಬರುತ್ತಿತ್ತು. ಅಜ್ಜನ ದನಿ, ಅಜ್ಜನ ಬೈಗುಳ. ವಿಳಾಸ ಮಾತ್ರ ಬೇರೆ. "ಆ ಕೋಚ್‌ನ ಮೊದ್ಲು ಓಡುಸ್ಬೇಕು ಮೇಷ್ಟ್ರೇ" ಎಂದೇ ಮಾತು ಆರಂಭವಾಗುತ್ತಿತ್ತು.

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆ ತಂಡ ಪಂಜಾಬನ್ನು ಸೋಲಿಸಿತು. ಅಂತರ, ಇಲ್ಲಿಯೂ, 6 ರನ್. ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಬಿಟ್ಟರು. ಹೆಚ್ಚಿನವರು ಎಳೆಯರು.

ಆ ಸಂಜೆ ಮೊಮ್ಮಗನಿಗೆ ನಾನೇ ಫೋನು ಮಾಡಿದೆ. ಬಹಳ ಸಲ ಮಾಡಬೇಕಾಯಿತು. ಕತ್ತಲಾದ ಮೇಲೆ ಸಿಕ್ಕಿದ. ಕಬ್ಬನ್ ಪಾರ್ಕಿನವರೆಗೆ ನಡೆದುಕೊಂಡು ಹೋಗಿದ್ದನಂತೆ. ಜನರನ್ನು ನೋಡಿ ಹಿಂದಿರುಗಿದನಂತೆ. ಊರಿಗೆ ಹೇಳಿದೆಯಾ ಎಂದು ಕೇಳಿದೆ. "ಅವ್ವಂಗೆ ಹೇಳ್ದೆ ಮೇಷ್ಟ್ರೇ" ಎಂದ. ಪಂದ್ಯದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಊಟ ಮಾಡಿ ಮಲಗು ಎಂದು ಹೇಳಿ ಫೋನು ಇಟ್ಟೆ.