ಮುತ್ತಿಗೆಯ ದ್ವೀಪ, ಕಡಲಾಚೆಯ ಕುಲ

ಭೂಮಧ್ಯ ಸಮುದ್ರದ ನಟ್ಟನಡುವೆ, ಸಿಸಿಲಿಯಿಂದ ದಕ್ಷಿಣಕ್ಕೆ ಸುಮಾರು 90 ಕಿಲೋಮೀಟರ್ ದೂರದಲ್ಲಿ, ನದಿಯಿಲ್ಲದ, ಅರಣ್ಯವಿಲ್ಲದ ಸುಣ್ಣಕಲ್ಲಿನ ದ್ವೀಪಸ್ತೋಮವೊಂದು ಶತಶತಮಾನಗಳ ಕಾಲ ಸಾಮ್ರಾಟರ ನಿದ್ದೆಗೆಡಿಸಿತು. ಅದೇ ಮಾಲ್ಟಾ. ಅದರ ಸಮಸ್ತ ವಿಸ್ತೀರ್ಣ 316 ಚದರ ಕಿಲೋಮೀಟರ್ ಮಾತ್ರ. ಆದರೆ ಪೂರ್ವಪಶ್ಚಿಮಗಳ ಜಲಮಾರ್ಗವನ್ನು ಆಳಬಯಸಿದ ಯಾವ ಪ್ರಭುವೂ ಅದರ ಮಹಾಬಂದರನ್ನು ಉಪೇಕ್ಷಿಸುವಂತಿರಲಿಲ್ಲ. ಫಿನೀಷಿಯನ್ನರು, ಕಾರ್ತೇಜಿನವರು, ರೋಮನ್ನರು, ಅರಬರು, ನಾರ್ಮನ್ನರು, ಅರಗಾನಿನ ದೊರೆಗಳು ಒಬ್ಬರ ಬೆನ್ನಿಗೊಬ್ಬರು ಬಂದರು, ಆಳಿದರು, ಅಳಿದರು. 1530ರಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್, ವರ್ಷಕ್ಕೊಂದು ಡೇಗೆಯ ಕಪ್ಪಕ್ಕೆ ಈ ದ್ವೀಪವನ್ನು ಸಂತ ಜಾನ್ ಪಂಥದ ವೀರಯೋಧರಿಗೆ ದತ್ತಿಯಾಗಿ ಕೊಟ್ಟನು. 1565ರಲ್ಲಿ ಆಟೊಮನ್ ಸುಲ್ತಾನ್ ಸುಲೇಮಾನನ ನೌಕಾಸೈನ್ಯ ಮುತ್ತಿಗೆ ಹಾಕಿತು; ಸೇಂಟ್ ಎಲ್ಮೊ ಕೋಟೆ ಬಿತ್ತು; ಯೋಧರ ಎಪ್ಪತ್ತರ ಸಮೀಪದ ವೃದ್ಧ ನಾಯಕ ಲಾ ವಾಲೆಟ್ ಮಾತ್ರ ಕದಲಲಿಲ್ಲ. ಮುತ್ತಿಗೆ ತೆರವಾದ ನೆನಪಿನ ಸೆಪ್ಟೆಂಬರ್ 8 ಇಂದಿಗೂ ಅಲ್ಲಿ ವಿಜಯದ ಹಬ್ಬ. 1798ರಲ್ಲಿ ನೆಪೋಲಿಯನ್ ಆ ಯೋಧರನ್ನು ಓಡಿಸಿದ. ಎರಡೇ ವರ್ಷಗಳಲ್ಲಿ ಫ್ರೆಂಚರೂ ಶರಣಾದರು. 1814ರ ಪ್ಯಾರಿಸ್ ಒಪ್ಪಂದದಿಂದ ದ್ವೀಪವು ವಿಧಿವತ್ತಾಗಿ ಬ್ರಿಟಿಷರ ಸ್ವಾಧೀನವಾಯಿತು. ಅರಸರು ಬದಲಾದರೂ ದ್ವೀಪದ ಪ್ರಜೆಯ ಪಾಡು ಬದಲಾಗಲಿಲ್ಲ. ಬಂದವರೆಲ್ಲ ಬಂದರಿಗಾಗಿ ಬಂದವರು. ಕಲ್ಲುನೆಲ ಸಾಕಲಾರದ ಮಕ್ಕಳು ಮೊದಲು ಉತ್ತರ ಆಫ್ರಿಕಕ್ಕೆ, ಆಮೇಲೆ ಸಪ್ತಸಾಗರಗಳಾಚೆಯ ಆಸ್ಟ್ರೇಲಿಯಕ್ಕೆ ಹೊಟ್ಟೆಪಾಡಿಗಾಗಿ ಹೊರಟರು.

ಆಸ್ಟ್ರೇಲಿಯ ಮಾಲ್ಟಾವನ್ನು ಮೊದಲು ಕಂಡದ್ದು ರೋಗಶಯ್ಯೆಯ ಮೇಲಿನಿಂದ. ಮೊದಲನೆಯ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 25ರಂದು, ತುರ್ಕಿಯ ಗಲಿಪೊಲಿಯ ಕಡಿದಾದ ತೀರದಲ್ಲಿ ಇಳಿದ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಆನ್ಜ್ಯಾಕ್ ಯೋಧರು ಗಾಯಗೊಂಡು ಹಡಗು ಹಡಗಾಗಿ ಮಾಲ್ಟಾಕ್ಕೆ ಬಂದರು. ಪಾಳೆಯಗಳು, ಶಾಲೆಗಳು, ಪುರಾತನ ಕಟ್ಟಡಗಳು ಆಸ್ಪತ್ರೆಗಳಾದವು. 1916ರ ಆರಂಭಕ್ಕೆ ಹಾಸಿಗೆಗಳ ಸಂಖ್ಯೆ ಸುಮಾರು 25,000ಕ್ಕೆ ಏರಿತು. ಅಂದಿನಿಂದ ಮಾಲ್ಟಾಕ್ಕೆ ‘ಭೂಮಧ್ಯ ಸಮುದ್ರದ ದಾದಿ’ ಎಂಬ ಬಿರುದು ನಿಂತಿತು. ಗುಣವಾಗದವರನ್ನು ದ್ವೀಪವೇ ಮಣ್ಣು ಕೊಟ್ಟು ಮಲಗಿಸಿತು. ಪಿಯೆಟಾದ ಸೈನಿಕ ಸ್ಮಶಾನ ಮೊದಲಾದೆಡೆ ಇನ್ನೂರಕ್ಕೂ ಹೆಚ್ಚು ಆಸ್ಟ್ರೇಲಿಯನ್ನರು ಚಿರನಿದ್ರೆಯಲ್ಲಿದ್ದಾರೆ. ಅತ್ತ ಗಲಿಪೊಲಿಯ ಗುಂಡಿನ ಮಳೆಯಲ್ಲಿ ಮಾಲ್ಟಾದ ಕಾರ್ಮಿಕ ದಳವೂ ದುಡಿಯಿತು. ಇಂಥ ಋಣವಿದ್ದಲ್ಲಿ ಸ್ನೇಹ ತಾನಾಗಿ ಅಂಕುರಿಸಬೇಕಿತ್ತು.

ಆದರೆ ವಿಧಿಯ ಗತಿ ವಕ್ರ. ಮರುವರ್ಷವೇ, 1916ರ ಶರತ್ಕಾಲದಲ್ಲಿ, ಫ್ರೆಂಚ್ ಹಡಗು ‘ಗ್ಯಾಂಜ್’ 214 ಮಂದಿ ಮಾಲ್ಟಾದ ಕೂಲಿಕಾರರನ್ನು ಹೊತ್ತು ಆಸ್ಟ್ರೇಲಿಯದತ್ತ ಬಂದಿತು. ಆ ದೇಶ ಆಗ ಕಡ್ಡಾಯ ಸೇನಾಸೇವೆಯ ಪ್ರಶ್ನೆಯ ಮೇಲೆ ಅಕ್ಟೋಬರ್ 28ರ ಜನಮತಕ್ಕೆ ಸಜ್ಜಾಗಿ ಕುದಿಯುತ್ತಿತ್ತು. ನಮ್ಮ ಮಕ್ಕಳು ಸಮರಕ್ಕೆ, ಅಗ್ಗದ ಕೂಲಿಯ ಪರಕೀಯರು ನಮ್ಮ ಕೆಲಸಕ್ಕೆ ಎಂಬ ಕೂಗು ಎದ್ದಿತು. ಪ್ರಧಾನಿ ಬಿಲ್ಲಿ ಹ್ಯೂಸ್ ಬೆದರಿದ. ವಲಸಿಗರ ಮುಂದೆ ಉಕ್ತಲೇಖನದ ಪರೀಕ್ಷೆ ಬಂತು, ಅದೂ ಅವರು ಕಿವಿಯಿಂದಲೂ ಕೇಳಿರದ ಡಚ್ ಭಾಷೆಯಲ್ಲಿ. ಯಾವುದಾದರೊಂದು ಯೂರೋಪಿನ ಭಾಷೆಯಲ್ಲಿ ಬರೆಸಿ, ಬೇಡದವರನ್ನು ಅನುತ್ತೀರ್ಣಗೊಳಿಸುವ ಈ ಕುಟಿಲ ವಿಧಾನದ ಪೆಟ್ಟು ಭಾರತೀಯರಿಗೂ ಬಿದ್ದಿದ್ದನ್ನು ನಾವು ಮರೆಯುವಂತಿಲ್ಲ. ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳಾಗಿದ್ದೂ ಮಾಲ್ಟಾದ ಆ ಬಡವರು ದೂರದ ನ್ಯೂ ಕ್ಯಾಲಡೋನಿಯಕ್ಕೆ ತಳ್ಳಲ್ಪಟ್ಟರು. ಅನಂತರ ಸಿಡ್ನಿಯ ಕೊಲ್ಲಿಯಲ್ಲಿ ಹಳೆಯ ಹಡಗೊಂದರಲ್ಲಿ ಬಂದಿಗಳಂತೆ ಕುಳಿತು, 1917ರ ಮಾರ್ಚ್‌ನಲ್ಲಿ ನೆಲ ಮುಟ್ಟಿದರು. ‘ಬಿಲ್ಲಿ ಹ್ಯೂಸನ ಮಕ್ಕಳು’ ಎಂಬ ಕಹಿಹಾಸ್ಯದ ಹೆಸರು ಅವರಿಗೆ ಉಳಿಯಿತು. ದ್ವೀಪದ ಶುಶ್ರೂಷೆಯಲ್ಲಿ ಪ್ರಾಣ ಉಳಿಸಿಕೊಂಡ ದೇಶ ದ್ವೀಪದ ಮಕ್ಕಳನ್ನೇ ಗುರುತಿಸಲಾರದೆ ಹೋಯಿತು. ಸ್ಮರಣೆ ಸಂಸ್ಕಾರವಾಗದಿದ್ದರೆ ಉಪಕಾರವೂ ನಿಷ್ಫಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಎರಡನೆಯ ಮಹಾಯುದ್ಧ ಆ ಸಂಸ್ಕಾರವನ್ನು ಅಗ್ನಿಯಲ್ಲಿ ನೆರವೇರಿಸಿತು. 1940ರ ಜೂನ್ 10ರಂದು ಇಟಲಿ ಯುದ್ಧ ಘೋಷಿಸಿತು. ಮರುದಿನ ಬೆಳಗಿನಲ್ಲೇ ಮಾಲ್ಟಾದ ಮೇಲೆ ಬಾಂಬುಗಳು ಬಿದ್ದವು. ಸಿಸಿಲಿಯ ವಿಮಾನನೆಲೆಗಳಿಂದ ಜರ್ಮನರೂ ಬಂದು ಕೂಡಿಕೊಂಡರು. ಉತ್ತರ ಆಫ್ರಿಕದಲ್ಲಿ ಜರ್ಮನ್ ಸೇನಾಪತಿ ರೊಮ್ಮೆಲ್‌ನ ಸೈನ್ಯಕ್ಕೆ ಹೋಗುವ ಸರಬರಾಜನ್ನು ಕತ್ತರಿಸುತ್ತಿದ್ದ ದ್ವೀಪವನ್ನು ಹಸಿವಿನಿಂದ, ಬೆಂಕಿಯಿಂದ ಮಣಿಸುವುದು ಅವರ ಸಂಕಲ್ಪ. 1942ರಲ್ಲಿ ಸತತ 154 ದಿನ ದಾಳಿ ನಿಲ್ಲಲಿಲ್ಲ. ಪ್ರಜೆಗಳು ಸುಣ್ಣಕಲ್ಲನ್ನು ಕೊರೆದು ಪಾತಾಳದಲ್ಲಿ ಮನೆ ಹೂಡಿದರು. ಸಾರ್ವಜನಿಕ ಅಡುಗೆಮನೆಗಳ ತಿಳಿಸಾರಿನ ಮುಂದೆ ಸಾಲು ನಿಂತರು. ಏಪ್ರಿಲ್ 7ರಂದು ವಾಲೆಟ್ಟಾದ ರಾಜಮಾನ್ಯ ಗೀತನಾಟಕ ಮಂದಿರ ಭಗ್ನವಾಯಿತು. 9ರಂದು ಮೊಸ್ಟಾದ ಇಗರ್ಜಿಯ ಗುಮ್ಮಟವನ್ನು ಭೇದಿಸಿ ಬಿದ್ದ ಬಾಂಬು ನೂರಾರು ಭಕ್ತರ ನಡುವೆ ಸಿಡಿಯದೆ ಉರುಳಿತು. 15ರಂದು ಆರನೆಯ ಜಾರ್ಜ್ ದೊರೆ, ನಾಗರಿಕ ಶೌರ್ಯದ ಪರಮಪುರಸ್ಕಾರವಾದ ಜಾರ್ಜ್ ಕ್ರಾಸನ್ನು ಒಬ್ಬ ವ್ಯಕ್ತಿಗಲ್ಲ, ಇಡೀ ದ್ವೀಪಕ್ಕೆ ಅರ್ಪಿಸಿದನು. ಗೌರವದಿಂದ ಹೊಟ್ಟೆ ತುಂಬುವಂತಿರಲಿಲ್ಲ. ಜೂನ್‌ನಲ್ಲಿ ದ್ವೀಪಕ್ಕೆ ಸರಬರಾಜು ಹೊತ್ತು ಅಲೆಕ್ಸಾಂಡ್ರಿಯದಿಂದ ಹೊರಟ ಹಡಗುಸಾಲು ಹಿಂತಿರುಗಬೇಕಾಯಿತು. ಅದರ ರಕ್ಷಣೆಗಿದ್ದ ಆಸ್ಟ್ರೇಲಿಯದ ಯುದ್ಧನೌಕೆ ‘ನೆಸ್ಟರ್’ ಕಡಲಪಾಲಾಯಿತು. ಆಗಸ್ಟಿನಲ್ಲಿ ಹೊರಟ 14 ವಾಣಿಜ್ಯ ಹಡಗುಗಳಲ್ಲಿ ಐದು ಮಾತ್ರ ದಡ ಸೇರಿದವು. ಕೊನೆಯದು ತೈಲನೌಕೆ ‘ಒಹಾಯೊ’. ಒಡೆದು ಮುಳುಗುತ್ತಿದ್ದ ಅದನ್ನು ಎರಡು ಡೆಸ್ಟ್ರಾಯರುಗಳ ನಡುವೆ ಬಿಗಿದು, ಆಗಸ್ಟ್ 15ರಂದು, ಮೇರಿಮಾತೆಯ ಸ್ವರ್ಗಾರೋಹಣದ ಹಬ್ಬದಂದೇ, ಬಂದರಿಗೆ ತಂದರು. ಅಷ್ಟರಿಂದ ದ್ವೀಪ ಉಳಿಯಿತು. ಸುಮಾರು 1,500 ನಾಗರಿಕರು ಮಡಿದಿದ್ದರು. 1943ರ ಸೆಪ್ಟೆಂಬರ್ 8ರಂದು, ಅದೇ ವಿಜಯದ ಹಬ್ಬದ ದಿನ, ಇಟಲಿಯ ಶರಣಾಗತಿ ಪ್ರಕಟವಾಯಿತು. ಸ್ವಲ್ಪ ದಿನಗಳಲ್ಲೇ ಅದರ ನೌಕಾಪಡೆ ಮಾಲ್ಟಾದ ಫಿರಂಗಿಗಳಡಿ ಲಂಗರು ಹಾಕಿತು.

ವಿಜಯ ಬಂದಿತು, ವೈಭವ ಬರಲಿಲ್ಲ. ಪದಕವಿತ್ತ ಸಾಮ್ರಾಜ್ಯವೇ ಕುಗ್ಗತೊಡಗಿತ್ತು. ಅದರ ನೌಕಾಬಲ ಇಳಿದಂತೆ ಹಡಗುಕಟ್ಟೆಯನ್ನೇ ನೆಚ್ಚಿದ ದ್ವೀಪದ ಜೀವನಾಡಿ ಕ್ಷೀಣಿಸಿತು. ಭಗ್ನ ಗೃಹಗಳ ನಡುವೆ ಯುವಜನರು ಮತ್ತೆ ಕಡಲಿನತ್ತ ಮುಖಮಾಡಿದರು. ಆದರೆ ಈ ಸಲ ದ್ವಾರ ತೆರೆದಿತ್ತು. 1948ರಲ್ಲಿ ಆಸ್ಟ್ರೇಲಿಯ ಮತ್ತು ಮಾಲ್ಟಾ ನಡುವೆ ಪ್ರಯಾಣವೆಚ್ಚಕ್ಕೆ ನೆರವಿನ ಒಪ್ಪಂದವಾಯಿತು. 1954 ಒಂದೇ ವರ್ಷದಲ್ಲಿ 11,000ಕ್ಕೂ ಹೆಚ್ಚು ಜನ ದ್ವೀಪ ತೊರೆದರು. ಅವರಲ್ಲಿ ಬಹುಪಾಲು ಆಸ್ಟ್ರೇಲಿಯಕ್ಕೆ. ಆಸ್ಟ್ರೇಲಿಯಕ್ಕೆ ಜನಬಲ ಬೇಕಾಗಿತ್ತೆಂಬುದು ನಿಜ. ಆದರೆ 1916ರಲ್ಲಿ ಪರಕೀಯ ಕೂಲಿಯೆನಿಸಿದವನು ಈಗ ಜಾರ್ಜ್ ಕ್ರಾಸಿನ ನಾಡಿನ ಪುತ್ರನಾಗಿ ಇಳಿದನೆಂಬುದೂ ಅಷ್ಟೇ ನಿಜ. ಆ ಮಾನವನ್ನು ಅವನು ಚೆನ್ನಾಗಿ ಬಲ್ಲವನಾಗಿದ್ದ. 1947ರಲ್ಲೇ ಮೆಲ್ಬರ್ನಿನ ಮಾಲ್ಟಾದ ವಲಸಿಗರು ಫುಟ್‌ಬಾಲ್ ತಂಡ ಕಟ್ಟಿ ಅದಕ್ಕೆ ‘ಜಾರ್ಜ್ ಕ್ರಾಸ್’ ಎಂದೇ ಹೆಸರಿಟ್ಟರು. ಕಾರ್ಖಾನೆಯಲ್ಲಿ ವಾರವಿಡೀ ಬೆವರು ಸುರಿಸಿದವರು ರಜೆಯ ದಿನ ಆ ಹೆಸರನ್ನು ಮೈದಾನದಲ್ಲಿ ಕೂಗುತ್ತಿದ್ದರು. ಶಿಲಾಸ್ತಂಭಕ್ಕೂ ಮೊದಲೇ ನಿಂತ ಸ್ಮಾರಕವದು.

ಅನಂತರ ಸ್ಮರಣೆಯ ಸೇತುವೆ ಎರಡೂ ದಡಗಳಿಂದ ಬೆಳೆಯಿತು. 1964ರಲ್ಲಿ ಸ್ವತಂತ್ರವಾದ ಮಾಲ್ಟಾ ತನ್ನ ಧ್ವಜದ ಮೂಲೆಯಲ್ಲಿ ಕ್ರಾಸನ್ನು ಉಳಿಸಿಕೊಂಡಿತು. 1979ರ ಮಾರ್ಚ್ 31ರಂದು ಕೊನೆಯ ಬ್ರಿಟಿಷ್ ಪಡೆ ಹೊರಟುಹೋದರೂ ಕ್ರಾಸ್ ಹೋಗಲಿಲ್ಲ. ಪದಕದ ಸುವರ್ಣೋತ್ಸವದ 1992ರಲ್ಲಿ ಮಹಾಬಂದರಿನ ಮೇಲೆ ಮುತ್ತಿಗೆಯ ಮಹಾಘಂಟೆ ಸ್ಥಾಪಿತವಾಯಿತು. 2013ರಲ್ಲಿ ಫ್ಲೋರಿಯಾನಾದ ಅರ್ಗೊಟ್ಟಿ ಉದ್ಯಾನದಲ್ಲಿ ಆನ್ಜ್ಯಾಕ್ ಸ್ಮಾರಕ ಎದ್ದಿತು. ಪ್ರತಿ ಏಪ್ರಿಲ್ 25ರಂದು ಮಾಲ್ಟಾದಲ್ಲಿ ಆಸ್ಟ್ರೇಲಿಯನ್ನರ ಸಮಾಧಿಗಳಿಗೆ ಪುಷ್ಪಚಕ್ರ ಅರ್ಪಿತವಾಗುತ್ತದೆ. ಪ್ರತಿ ಸೆಪ್ಟೆಂಬರಿನಲ್ಲಿ ಮೆಲ್ಬರ್ನ್, ಸಿಡ್ನಿಗಳಲ್ಲಿ ವಿಜಯದ ಹಬ್ಬದ ನೆನಪಾಗುತ್ತದೆ. 2021ರ ಆಸ್ಟ್ರೇಲಿಯದ ಜನಗಣತಿಯಲ್ಲಿ ಮಾಲ್ಟಾ ಮೂಲವನ್ನು ಹೇಳಿಕೊಂಡವರು ಎರಡು ಲಕ್ಷದ ಸಮೀಪ. ಆಗ ದ್ವೀಪದ ಸ್ವಂತ ಜನಸಂಖ್ಯೆಯೇ ಸುಮಾರು ಐದು ಲಕ್ಷ. ಆಸ್ಟ್ರೇಲಿಯದ ಈ ಮಾಲ್ಟಾ ಮೂಲದವರಲ್ಲಿ ಅನೇಕರಿಗೆ ಅಜ್ಜಿಯ ನುಡಿ ನಾಲಿಗೆಯ ಮೇಲಿಲ್ಲ. ಆದರೆ ಮುತ್ತಿಗೆಯ ಕಥೆ ಕಂಠಸ್ಥ.

ಬ್ರಿಟಿಷ್ ಸಾಮ್ರಾಜ್ಯದ ನೆರಳಿನಲ್ಲಿ ಬಾಳಿ, ಅದರ ಸಮರಗಳಿಗೆ ಮಕ್ಕಳನ್ನು ಕಳುಹಿಸಿದ ಪೂರ್ವಜರ ವಾರಸುದಾರರಾದ ನಮಗೆ ಈ ವೃತ್ತಾಂತ ಪರಕೀಯವಲ್ಲ. ಸುಲ್ತಾನರ ನೌಕೆಗಳು, ನೆಪೋಲಿಯನ್ನನ ಮಹತ್ವಾಕಾಂಕ್ಷೆ, ಬ್ರಿಟನ್ನಿನ ಸಮುದ್ರಾಧಿಪತ್ಯ ಎಲ್ಲವೂ ಆ ಬಂದರಿನಿಂದ ನಿರ್ಗಮಿಸಿದವು. ಉಳಿದದ್ದು ಹಸಿದೂ ಮಣಿಯದವರ ಕೀರ್ತಿ. ಅದನ್ನು ಉಳಿಸಿದವರು ಅರಸರಲ್ಲ, ಅರಸರಿಗಾಗಿ ದುಡಿದು ಕೊನೆಗೆ ಊರು ಬಿಟ್ಟವರು. ಶೌರ್ಯಕ್ಕೆ ಪದಕ ಕೊಡುವುದು ದೊರೆಯ ಅಧಿಕಾರ. ಆ ಪದಕಕ್ಕೊಂದು ವಂಶ ಕೊಡುವುದು ಪ್ರಜೆಗಳ ಸಾಮರ್ಥ್ಯ. ಮಾಲ್ಟಾದ ಪ್ರಜೆಗಳು ಎರಡು ಖಂಡಗಳಲ್ಲಿ ಆ ಸಾಮರ್ಥ್ಯವನ್ನು ಸಾಬೀತುಪಡಿಸಿ ತೋರಿದ್ದಾರೆ.